ಸೇವಾ ದಾಖಲೆಯಲ್ಲಿ ಇಲ್ಲದ ಕಿವಿಮೊರೆತಕ್ಕೆ ವಿಎ ಅರ್ಜಿ
ಅಮೆರಿಕ ಸೇನೆಯ ಫಿರಂಗಿ ದಳದಲ್ಲಿದ್ದೆ, ಕಿವಿ ಗುಂಯ್‌ಗುಡುತ್ತದೆ, ಆದರೆ ಅಂದಿನ ವೈದ್ಯಕೀಯ ದಾಖಲೆಯಲ್ಲಿ ಅದರ ಸುಳಿವಿಲ್ಲ ಎಂದಿದ್ದೀರಿ. ಆದರೂ ವಿಎಗೆ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆಗೆ, ಅಂಗವೈಕಲ್ಯ ಪರಿಹಾರದ ಅರ್ಜಿ ಹಾಕಿ. ಈ ಸದ್ದು ಅನುಭವಿಸುವವರಿಗಷ್ಟೇ ಕೇಳುವಂಥದ್ದು, ಹಾಗಾಗಿ ನಿಮ್ಮ ಹೇಳಿಕೆಯೂ ಸಾಕ್ಷ್ಯವೇ.

ಇವತ್ತೇ ‘ಇಂಟೆಂಟ್ ಟು ಫೈಲ್’ (ಅರ್ಜಿ ಹಾಕುವ ಉದ್ದೇಶವಿದೆ ಎಂಬ ಸೂಚನೆ) ಸಲ್ಲಿಸಿಬಿಡಿ, ಫಾರ್ಮ್ 21-0966. ಒಂದು ವರ್ಷದೊಳಗೆ ಮುಖ್ಯ ಅರ್ಜಿಯಾದ ಫಾರ್ಮ್ 21-526ಇಝಡ್ ಕಳಿಸಿ ಅದು ಮಂಜೂರಾದರೆ, ಹಣ ಸಾಮಾನ್ಯವಾಗಿ ಈ ದಿನಾಂಕದಿಂದಲೇ ಲೆಕ್ಕಕ್ಕೆ ಬರುತ್ತದೆ. ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಪತ್ರ ಡಿಡಿ-214 ಲಗತ್ತಿಸಿ, ನಿಮ್ಮ ಹುದ್ದೆಯ ಸಂಕೇತ ಅದರಲ್ಲಿರುತ್ತದೆ, ಫಿರಂಗಿ ಸದ್ದಿಗೆ ಅದೇ ಆಧಾರ.

ಅರ್ಜಿ ಎಡವಬಹುದಾದ ಜಾಗ ಹೇಳಿಕೆ. ‘ಬಹಳ ದಿನದಿಂದ’ ಎಂದು ಬರೆಯಬೇಡಿ. ಮೊರೆತ ಯಾವ ವರ್ಷ, ಯಾವ ಕೆಲಸದಲ್ಲಿದ್ದಾಗ ಶುರುವಾಯಿತು, ನಡುವೆ ನಿಂತಿತ್ತೇ, ಇದ್ದದ್ದನ್ನು ಇದ್ದಂತೆ ಬರೆಯಿರಿ. ಸಿ ಅಂಡ್ ಪಿ ತಪಾಸಣೆಯಲ್ಲಿ (ಅರ್ಜಿಗಾಗಿ ವಿಎ ಮಾಡಿಸುವ ವೈದ್ಯಕೀಯ ಪರೀಕ್ಷೆ) ಇದಕ್ಕೆ ಹೊಂದದ ಉತ್ತರ ಕೊಟ್ಟರೆ ಅದು ತಿರಸ್ಕಾರಕ್ಕೆ ಕಾರಣವಾಗಬಹುದು.

ಒಂದು ಕಿವಿಯಾದರೂ ಎರಡಾದರೂ ಮೊರೆತಕ್ಕೆ ಸಿಗುವ ಅಂಗವೈಕಲ್ಯ ಪ್ರಮಾಣ ಶೇ. 10 ಮಾತ್ರ. ಕೇಳಿಸುವುದೂ ಕಮ್ಮಿಯಾಗಿದ್ದರೆ ಅದನ್ನು ಪ್ರತ್ಯೇಕವಾಗಿ ನಮೂದಿಸಿ.