ಓದುಗರ ಪ್ರಶ್ನೆ, ನಮ್ಮ ಉತ್ತರ: ಏಪ್ರಿಲ್‌ನಲ್ಲಿ ಬಂದ ಕಿರೀಟ ಜುಲೈನಲ್ಲಿ ಹೋದದ್ದು ಹೇಗೆ?

2024-25ರ ಐ-ಲೀಗ್ ಫುಟ್‌ಬಾಲ್ ಋತುವಿನ ಬಗ್ಗೆ ವಾಸ್ಕೊ, ಮಡಗಾಂವ್, ಫೋಂಡಾ, ಡಿಚೋಲಿ ಕಡೆಯ ನಮ್ಮ ಓದುಗರು ಬರೆದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದೇ ಸಂಗತಿಯನ್ನು ಕೇಳುತ್ತವೆ. ಆದ್ದರಿಂದ ಅವನ್ನೆಲ್ಲ ಒಂದು ಪ್ರಶ್ನೆಯಾಗಿ ಮೊದಲಿಗೆ ತೆಗೆದುಕೊಂಡು, ಉಳಿದವಕ್ಕೆ ಆಮೇಲೆ ಉತ್ತರಿಸಿದ್ದೇನೆ.

ಪ್ರಶ್ನೆ: ಮಾನ್ಯರೇ, ಏಪ್ರಿಲ್ ತಿಂಗಳಿನಲ್ಲಿ ನಮ್ಮ ಗೋವಾದ ಚರ್ಚಿಲ್ ಬ್ರದರ್ಸ್ ತಂಡವೇ ಚಾಂಪಿಯನ್ ಎಂದು ಓದಿ ಸಂತೋಷಪಟ್ಟೆವು. ಜುಲೈನಲ್ಲಿ ನೋಡಿದರೆ ಕಿರೀಟ ಇಂಟರ್ ಕಾಶಿ ತಂಡಕ್ಕೆ ಹೋಗಿತ್ತು. ನಡುವೆ ಒಂದು ಪಂದ್ಯವೂ ನಡೆಯಲಿಲ್ಲ. ಮೈದಾನಕ್ಕೆ ಇಳಿಯದೆಯೇ ಒಂದು ತಂಡ ಲೀಗ್ ಗೆಲ್ಲುವುದು ಹೇಗೆ? ಇದು ಗೋವಾಕ್ಕೆ ಮಾಡಿದ ಮೋಸವಲ್ಲವೇ?
— ಬೈನಾ, ವಾಸ್ಕೊದ ಓದುಗರೊಬ್ಬರು

ಉತ್ತರ: ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ವಿಳಂಬ ಎಂದರೆ ಒಪ್ಪುತ್ತೇನೆ. ಈ ಎರಡರ ನಡುವಿನ ಅಂತರ ತಿಳಿಯಬೇಕಾದರೆ ಮೊದಲು ಕೊನೆಯ ದಿನದ ಅಂಕಪಟ್ಟಿಯನ್ನು ನೋಡಬೇಕು.

ಆ ಋತುವಿನಲ್ಲಿ 12 ತಂಡಗಳಿದ್ದವು. ಪ್ರತಿ ತಂಡವೂ ಉಳಿದ ಹನ್ನೊಂದು ತಂಡಗಳೊಡನೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ, ಒಟ್ಟು 22 ಪಂದ್ಯಗಳನ್ನು ಆಡಬೇಕಿತ್ತು. ಗೆದ್ದರೆ 3 ಅಂಕ, ಡ್ರಾ ಆದರೆ 1. 2024ರ ನವೆಂಬರ್ 22ರಂದು ಆರಂಭವಾದ ಲೀಗ್ 2025ರ ಏಪ್ರಿಲ್ 6ರ ಕೊನೆಯ ಸುತ್ತಿಗೆ ಬಂದಾಗ ಚರ್ಚಿಲ್ ಬ್ರದರ್ಸ್ 39, ಗೋಕುಲಂ ಕೇರಳ 37, ರಿಯಲ್ ಕಾಶ್ಮೀರ್ ಮತ್ತು ಇಂಟರ್ ಕಾಶಿ ತಲಾ 36 ಅಂಕಗಳಲ್ಲಿದ್ದವು. ಅಂದರೆ ಒಂದೇ ದಿನದ ಆಟದಲ್ಲಿ ನಾಲ್ಕು ತಂಡಗಳ ಕಣ್ಣು ಒಂದೇ ಕಿರೀಟದ ಮೇಲೆ.

ಅಂದು ಭಾನುವಾರ, ರಾಮನವಮಿ. ಮಂಗೂರ್ ಹಿಲ್‌ನ ನಮ್ಮವರೊಬ್ಬರ ಚಹಾದಂಗಡಿಯಲ್ಲಿ ಚಹಾದ ಬದಲು ಪಾನಕ ಹಂಚುತ್ತಿದ್ದರು. ಬೆಂಚಿನ ಮೇಲೆ ಐದು ಜನ ಒಂದೇ ಮೊಬೈಲಿಗೆ ತಲೆ ಹಚ್ಚಿ ಮೂರು ಊರುಗಳ ಸ್ಕೋರುಗಳನ್ನು ತಿರುವಿ ತಿರುವಿ ನೋಡುತ್ತಿದ್ದೆವು. ಕೋಳಿಕೋಡ್‌ನಲ್ಲಿ ಗೋಕುಲಂ ಗೆದ್ದರೆ 40 ಅಂಕ ತಲುಪುತ್ತಿತ್ತು. ಅದನ್ನು ಅಲ್ಲಿ ತಡೆದು 4-3ರಿಂದ ಸೋಲಿಸಿದ್ದು ಬೇರೆ ಯಾರೂ ಅಲ್ಲ, ಗೋವಾದ್ದೇ ಆದ ಡೆಂಪೊ. ಶ್ರೀನಗರದಲ್ಲಿ ಚರ್ಚಿಲ್ ಬ್ರದರ್ಸ್ ರಿಯಲ್ ಕಾಶ್ಮೀರ್ ಜೊತೆ 1-1ರ ಡ್ರಾ ಮಾಡಿಕೊಂಡು 40ಕ್ಕೆ ಬಂದಿತು. ಇಂಟರ್ ಕಾಶಿ ರಾಜಸ್ಥಾನ್ ಯುನೈಟೆಡ್ ತಂಡವನ್ನು 3-1ರಿಂದ ಸೋಲಿಸಿ 39ಕ್ಕೆ ಏರಿತು. ನಲವತ್ತು ದೊಡ್ಡದೋ ಮೂವತ್ತೊಂಬತ್ತು ದೊಡ್ಡದೋ ಎಂದು ಯಾರೂ ಕೇಳುವಂತಿರಲಿಲ್ಲ. ಆದರೂ ಅಂಗಡಿಯ ಮಾಲೀಕರು ಮಾತ್ರ, ‘ತಡೀರಿ, ಇನ್ನೂ ಒಂದು ಕೇಸ್ ಬಾಕಿ ಐತಿ’ ಎಂದರು. ಅವರ ಮಾತೇ ಸರಿಯಾಗಿತ್ತು.

ಆ ಪ್ರಕರಣ ಹುಟ್ಟಿದ್ದು ಜನವರಿ 13ರಂದು ನಡೆದ ನಾಮಧಾರಿ ಮತ್ತು ಇಂಟರ್ ಕಾಶಿ ನಡುವಿನ ಪಂದ್ಯದಲ್ಲಿ. ಮೈದಾನದಲ್ಲಿ ನಾಮಧಾರಿ 2-0ರಿಂದ ಗೆದ್ದಿತ್ತು. ಲೀಗ್ ನಡೆಯುತ್ತಿರುವಾಗ ನಾಲ್ಕು ಹಳದಿ ಕಾರ್ಡ್ ಪಡೆದ ಆಟಗಾರ ಮುಂದಿನ ಒಂದು ಪಂದ್ಯ ಹೊರಗೆ ಕುಳಿತುಕೊಳ್ಳಬೇಕೆಂಬುದು ನಿಯಮ. ಹಾಗೆ ಹೊರಗೆ ಕುಳಿತಿರಬೇಕಾದ ತನ್ನ ವಿದೇಶಿ ಆಟಗಾರನನ್ನು ನಾಮಧಾರಿ ಆಡಿಸಿತು ಎಂಬುದು ಇಂಟರ್ ಕಾಶಿಯ ದೂರಾಗಿತ್ತು. ಅರ್ಹತೆಯಿಲ್ಲದ ಆಟಗಾರನನ್ನು ಕಣಕ್ಕಿಳಿಸಿದ ತಂಡ ಆ ಪಂದ್ಯವನ್ನು 0-3ರಿಂದ ಸೋತಂತೆ ಎಂದು ಬರೆದುಕೊಳ್ಳುವುದು ಫುಟ್‌ಬಾಲ್ ಜಗತ್ತಿನಲ್ಲಿ ಎಲ್ಲ ಕಡೆ ಇರುವ ಕ್ರಮ. ಗೋವಾದ ತಂಡಕ್ಕೆಂದು ಹೊಸದಾಗಿ ಹೊಸೆದದ್ದಲ್ಲ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಫೆಬ್ರುವರಿಯಲ್ಲಿ ಇಂಟರ್ ಕಾಶಿಯ ದೂರನ್ನು ಒಪ್ಪಿ ಮೂರು ಅಂಕಗಳನ್ನು ಕೊಟ್ಟಿತು. ನಾಮಧಾರಿ ಮೇಲ್ಮನವಿ ಸಲ್ಲಿಸಿತು, ಮಾರ್ಚ್ ಕೊನೆಯಲ್ಲಿ ಆ ಆದೇಶಕ್ಕೆ ತಡೆ ಬಂದಿತು. ಕೊನೆಯ ಸುತ್ತು ಮುಗಿದು 12 ದಿನಗಳಾದ ಮೇಲೆ, ಏಪ್ರಿಲ್ 18ರಂದು, ಮೇಲ್ಮನವಿ ಸಮಿತಿಯು ಮೈದಾನದಲ್ಲಿ ಬಂದ ಫಲಿತಾಂಶವೇ ಸರಿ ಎಂದಿತು. ಹಾಗಾಗಿ 40 ಅಂಕಗಳ ಚರ್ಚಿಲ್ ಬ್ರದರ್ಸ್ ಚಾಂಪಿಯನ್ ಆಯಿತು. ನೀವು ಸಂತೋಷಪಟ್ಟದ್ದು ಆಗ. ಇಂಟರ್ ಕಾಶಿ ಅಲ್ಲಿಗೆ ಬಿಡದೆ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಹೋಯಿತು. ಆ ಮಂಡಳಿ ಜೂನ್‌ನಲ್ಲಿ ನಾಮಧಾರಿ ಪಂದ್ಯದ ಅಂಕಗಳನ್ನು ಇಂಟರ್ ಕಾಶಿಗೆ ಮರಳಿಸಿತು, ಜುಲೈ 18ರಂದು ಉಳಿದ ತಕರಾರನ್ನೂ ಅದರ ಪರವಾಗಿಯೇ ಇತ್ಯರ್ಥಪಡಿಸಿತು. 39ಕ್ಕೆ 3 ಸೇರಿ 42 ಆಯಿತು; ಚರ್ಚಿಲ್ 40ರಲ್ಲೇ ಉಳಿಯಿತು.

ಈಗ ದಿನಗಳನ್ನು ಎಣಿಸಿ ನೋಡಿ. ಜನವರಿ 13ರ ಪಂದ್ಯದ ಲೆಕ್ಕ ಪೂರ್ತಿ ಚುಕ್ತಾ ಆದದ್ದು 186 ದಿನಗಳ ನಂತರ. ಇಂಟರ್ ಕಾಶಿ ನಿಯಮವನ್ನು ಹಿಡಿದು ಕೇಳಿದ್ದರಲ್ಲಿ ತಪ್ಪಿಲ್ಲ, ಚರ್ಚಿಲ್ ಬ್ರದರ್ಸ್ ಈ ಪಂದ್ಯದಲ್ಲಿ ಆಡಿಯೇ ಇರಲಿಲ್ಲವಾದ್ದರಿಂದ ಅದರದೂ ತಪ್ಪಿಲ್ಲ. ಒಬ್ಬ ಆಟಗಾರನಿಗೆ ಎಷ್ಟು ಹಳದಿ ಕಾರ್ಡ್ ಬಂದಿವೆ ಎಂಬುದು ರೆಫರಿಯ ವರದಿಗಳಲ್ಲಿಯೇ ಇರುವ ಲೆಕ್ಕ. ಅದನ್ನು ತೀರ್ಮಾನಿಸಲು ಒಂದು ವಾರ ಸಾಕು, ಹೆಚ್ಚೆಂದರೆ ಎರಡು. ಫೆಬ್ರುವರಿಯಲ್ಲೇ ಎಲ್ಲ ಹಂತಗಳೂ ಮುಗಿದಿದ್ದರೆ ಏಪ್ರಿಲ್ 6ರಂದು ನಾಲ್ಕೂ ತಂಡಗಳಿಗೆ ತಾವು ಎಷ್ಟು ಅಂಕಗಳ ಹಿಂದೆ ಇದ್ದೇವೆ, ಡ್ರಾ ಸಾಕೇ, ಗೆಲ್ಲಲೇಬೇಕೇ ಎಂಬುದು ಗೊತ್ತಿದ್ದು ಆಡುತ್ತಿದ್ದವು. ಶ್ರೀನಗರದಲ್ಲಿ ಡ್ರಾ ಸಾಕು ಎಂಬ ಲೆಕ್ಕದಲ್ಲಿ ಆಡುವುದಕ್ಕೂ ಗೆಲುವು ಬೇಕೇಬೇಕು ಎಂದು ಆಡುವುದಕ್ಕೂ ವ್ಯತ್ಯಾಸವಿದೆ. ಗೋವಾದವರಿಗೆ ಅನ್ಯಾಯವಾಗಿದ್ದರೆ ಅದು ಇಲ್ಲಿ ಆಗಿದೆ, ಲೊಸಾನ್‌ನಲ್ಲಿ ಅಲ್ಲ.

ಪ್ರಶ್ನೆ: ‘ಉಳಿದ ತಕರಾರು’ ಎಂದರೆ ಯಾವುದು? ಒಬ್ಬನೇ ಆಟಗಾರನನ್ನು ಎರಡು ಸಲ ನೋಂದಾಯಿಸಿದರು ಎಂದು ಕೇಳಿದ್ದೇನೆ.
— ಫೋಂಡಾದ ಓದುಗರು

ಉತ್ತರ: ಸರಿಯಾಗಿಯೇ ಕೇಳಿದ್ದೀರಿ. ಇಂಟರ್ ಕಾಶಿಯ ಸ್ಪೇನ್ ದೇಶದ ಮುಂಚೂಣಿ ಆಟಗಾರ ಮಾರಿಯೊ ಬಾರ್ಕೊ ಗಾಯಗೊಂಡಾಗ ಅವರ ಜಾಗಕ್ಕೆ ಇನ್ನೊಬ್ಬ ವಿದೇಶಿ ಆಟಗಾರ ಬಂದರು. ಕೆಲವು ಕಾಲದ ನಂತರ ಮತ್ತೊಬ್ಬ ವಿದೇಶಿ ಆಟಗಾರನನ್ನು ಕೈಬಿಟ್ಟು ಬಾರ್ಕೊ ಅವರನ್ನೇ ತಂಡ ಪುನಃ ನೋಂದಾಯಿಸಿತು. ಒಮ್ಮೆ ಪಟ್ಟಿಯಿಂದ ಹೊರಹೋದವರನ್ನು ಅದೇ ಋತುವಿನಲ್ಲಿ ಹೀಗೆ ಒಳಗೆ ತರುವಂತಿಲ್ಲ ಎಂದು ಎದುರಾಳಿ ಕ್ಲಬ್‌ಗಳು ವಾದಿಸಿದವು. ಫೆಡರೇಷನ್ನಿನ ಮೇಲ್ಮನವಿ ಸಮಿತಿ ಇಂಟರ್ ಕಾಶಿಯ ವಿರುದ್ಧ ತೀರ್ಪು ಕೊಟ್ಟಿತು, ಕ್ರೀಡಾ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು. ನೋಂದಣಿಗೆ ಒಪ್ಪಿಗೆ ಕೊಡಬೇಕಾದದ್ದು ಫೆಡರೇಷನ್ನೇ. ಒಪ್ಪಿ ಆಡಲು ಬಿಟ್ಟ ಮೇಲೆ ಆಡಿದ್ದೇ ತಪ್ಪು ಎಂದರೆ ಕ್ಲಬ್ಬಿನವರು ಯಾರನ್ನು ಕೇಳಬೇಕು ಎಂಬುದು ನನ್ನ ಸ್ವಂತ ಸಂದೇಹ.

ಪ್ರಶ್ನೆ: ನಮ್ಮ ಕಾಕಾ ಬಾಗಲಕೋಟೆಯಿಂದ ಮಡಗಾಂವ್‌ಗೆ ದುಡಿಯಲು ಬಂದ ಕಾಲದಿಂದಲೂ ಫಾತೋರ್ಡಾ ಮೈದಾನದಲ್ಲಿ ಆಟ ನೋಡಿದವರು. ಡೆಂಪೊ, ಸಾಳಗಾಂವಕರ್, ಚರ್ಚಿಲ್ ಎಂದರೆ ಇಡೀ ದೇಶಕ್ಕೇ ಚಾಂಪಿಯನ್ ಆಗಿದ್ದ ತಂಡಗಳು ಎನ್ನುತ್ತಾರೆ. ಹಾಗಿದ್ದ ಲೀಗ್ ಇಂದು ಎರಡನೇ ಹಂತದ್ದು ಹೇಗಾಯಿತು?
— ಮಡಗಾಂವ್‌ನ ಓದುಗರು

ಉತ್ತರ: ನಿಮ್ಮ ಕಾಕಾ ಅವರು ಉತ್ಪ್ರೇಕ್ಷೆ ಮಾಡಿಲ್ಲ, ಕಡಿಮೆಯೇ ಹೇಳಿದ್ದಾರೆ. 2007-08ರಲ್ಲಿ ಐ-ಲೀಗ್ ಶುರುವಾದ ಮೇಲೆ ಮೊದಲ ಆರು ಋತುಗಳ ಕಿರೀಟವೂ ಗೋವಾ ಬಿಟ್ಟು ಹೊರಗೆ ಹೋಗಲಿಲ್ಲ. ಡೆಂಪೊ, ಚರ್ಚಿಲ್, ಮತ್ತೆ ಡೆಂಪೊ, ಆಮೇಲೆ ಸಾಳಗಾಂವಕರ್, ಪುನಃ ಡೆಂಪೊ, ಪುನಃ ಚರ್ಚಿಲ್. ಬಂದದ್ದು ಇದೇ ಸಾಲಿನಲ್ಲಿ. ಅದಕ್ಕೂ ಮುಂಚಿನ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಕಾಲದ ಎರಡು ಕಿರೀಟಗಳನ್ನೂ ಸೇರಿಸಿದರೆ ಆರ್ಮಾಂಡೊ ಕೊಲಾಸೊ ಅವರ ತರಬೇತಿಯಲ್ಲಿ ಡೆಂಪೊ ಒಟ್ಟು ಐದು ಸಲ ರಾಷ್ಟ್ರೀಯ ಲೀಗ್ ಗೆದ್ದಿತು. ಜನಸಂಖ್ಯೆಯಲ್ಲಿ ಬೆಂಗಳೂರಿನ ಒಂದು ಮೂಲೆಗೂ ಸಮನಾಗದ ರಾಜ್ಯ ಇದು ಎಂಬುದನ್ನು ನೆನೆದರೆ ಈ ಲೆಕ್ಕ ಇನ್ನೂ ಬೆರಗು ಹುಟ್ಟಿಸುತ್ತದೆ.

2014ರಲ್ಲಿ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಬಂದಿತು. ಮೊದಮೊದಲು ಎರಡು ಮೂರು ತಿಂಗಳ ಪಂದ್ಯಾವಳಿಯಾಗಿದ್ದ ಅದನ್ನೇ ದೇಶದ ಮೊದಲ ಹಂತದ ಲೀಗ್ ಮಾಡಬೇಕೆಂಬ ಮಾತು 2016ರಲ್ಲಿ ಬಲವಾದಾಗ ಸಾಳಗಾಂವಕರ್, ಸ್ಪೋರ್ಟಿಂಗ್ ಕ್ಲಬ್ ದ ಗೋವಾ ಮತ್ತು ಡೆಂಪೊ ಪ್ರತಿಭಟಿಸಿ ಐ-ಲೀಗ್‌ನಿಂದ ಹೊರನಡೆದವು. ಇಲ್ಲಿ ಒಂದು ಕಹಿ ಸಂಗತಿಯಿದೆ: 2014-15ರಲ್ಲಿ ಕೆಳಗಿಳಿದಿದ್ದ ಡೆಂಪೊ ಮರುವರ್ಷವೇ ಎರಡನೇ ಡಿವಿಷನ್ ಗೆದ್ದು ಮೇಲೆ ಬರುವ ಹಕ್ಕು ಸಂಪಾದಿಸಿತ್ತು, ಹಾಗೆ ಸಂಪಾದಿಸಿದ ಹಕ್ಕನ್ನೇ ಬಿಟ್ಟು ಹೋಯಿತು. 2019ರಲ್ಲಿ ಏಷ್ಯಾ ಒಕ್ಕೂಟ ಒಪ್ಪಿದ ಮಾರ್ಗಸೂಚಿಯಂತೆ ಐಎಸ್‌ಎಲ್ ಮೇಲಿನ ಹಂತವೆಂದು ನಿಶ್ಚಯವಾಯಿತು. 2022-23ರಿಂದ ಐ-ಲೀಗ್ ಗೆದ್ದವರಿಗೆ ಐಎಸ್‌ಎಲ್‌ಗೆ ಬಡ್ತಿ ಎಂದಾಯಿತು. ಆ ವರ್ಷ ಪಂಜಾಬ್‌ನ ತಂಡ, 2023-24ರಲ್ಲಿ ಕೋಲ್ಕತ್ತಾದ ಮೊಹಮ್ಮದನ್ ಸ್ಪೋರ್ಟಿಂಗ್ ಹೀಗೆ ಮೇಲೇರಿದವು. ಹೀಗಾಗಿ 2024-25ರಲ್ಲಿ ಚರ್ಚಿಲ್ ಕಳೆದುಕೊಂಡದ್ದು ಒಂದು ಟ್ರೋಫಿಯನ್ನಷ್ಟೇ ಅಲ್ಲ, ಮೇಲಿನ ಮನೆಯ ಬಾಗಿಲನ್ನೂ ಹೌದು. ಬೈನಾದ ಓದುಗರ ಸಿಟ್ಟಿಗೆ ಅರ್ಧ ಕಾರಣ ಇದೇ ಇರಬೇಕು.

ಡೆಂಪೊ ಮಾತ್ರ ಹಟ ಬಿಟ್ಟು ಮೆಟ್ಟಿಲು ಹತ್ತಿತು. 2023-24ರಲ್ಲಿ ಮೂರನೇ ಹಂತದಲ್ಲಿ ಎರಡನೆಯ ಸ್ಥಾನ ಪಡೆದು 2024-25ಕ್ಕೆ ಐ-ಲೀಗ್‌ಗೆ ಮರಳಿತು. ಅದೇ ಋತುವಿನ ಕೊನೆಯ ದಿನ ಕೋಳಿಕೋಡ್‌ನಲ್ಲಿ ಅದು ಏನು ಮಾಡಿತು ಎಂಬುದನ್ನು ಮೇಲೆ ಬರೆದಿದ್ದೇನೆ.

ಪ್ರಶ್ನೆ: ಅದೇ ಲೀಗ್‌ನಲ್ಲಿ ಬೆಂಗಳೂರಿನ ತಂಡವೂ ಇತ್ತಂತೆ. ಸುನಿಲ್ ಛೆಟ್ರಿ ಆಡುವ ತಂಡ ಎರಡನೇ ಹಂತಕ್ಕೆ ಯಾವಾಗ ಇಳಿಯಿತು?
— ಡಿಚೋಲಿಯ ವಿದ್ಯಾರ್ಥಿ

ಉತ್ತರ: ಇಳಿದಿಲ್ಲ ತಮ್ಮಾ, ಅದು ಬೇರೆ, ಇದು ಬೇರೆ. ಛೆಟ್ರಿ ಅವರದು ಬೆಂಗಳೂರು ಎಫ್‌ಸಿ. 2013-14ರಲ್ಲಿ ಕಾಲಿಟ್ಟ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು ಗೋವಾದ ಆರು ವರ್ಷಗಳ ಸಾಲನ್ನು ಮುರಿದ ತಂಡ ಅದು. ಈಗ ಐಎಸ್‌ಎಲ್‌ನಲ್ಲಿದೆ. ನೀನು ಕೇಳಿದ್ದು ಎಸ್‌ಸಿ ಬೆಂಗಳೂರು ತಂಡದ ಬಗ್ಗೆ. ಮೂರನೇ ಹಂತದಲ್ಲಿ ಡೆಂಪೊಗಿಂತ ಮೇಲೆ, ಮೊದಲ ಸ್ಥಾನದಲ್ಲಿ ಮುಗಿಸಿ ಅದರ ಜೊತೆಗೇ ಬಡ್ತಿ ಪಡೆದಿತ್ತು. ಒಂದೇ ವರ್ಷದಲ್ಲಿ ದೆಹಲಿ ಎಫ್‌ಸಿ ಜೊತೆ ಕೊನೆಯ ಎರಡು ಸ್ಥಾನಗಳಿಗೆ ಬಿದ್ದು ಹಿಂದಿರುಗಿತು. ಕನ್ನಡಿಗನಾಗಿ ನನಗೂ ಬೇಸರವೇ ಆಯಿತು.

ಪ್ರಶ್ನೆ: ಚರ್ಚಿಲ್ ಎಂಬುದು ಬ್ರಿಟನ್ನಿನ ಪ್ರಧಾನಿಯ ಹೆಸರಲ್ಲವೇ? ಪೋರ್ಚುಗೀಸರು ಆಳಿದ ಗೋವಾದ ಕ್ಲಬ್ಬಿಗೆ ಆ ಹೆಸರೇಕೆ?
— ವಾಸ್ಕೊದ ಓದುಗರು

ಉತ್ತರ: 1988ರಲ್ಲಿ ಈ ಕ್ಲಬ್ ಕಟ್ಟಿದ ರಾಜಕಾರಣಿ ಚರ್ಚಿಲ್ ಅಲೆಮಾವ್ ಮತ್ತು ಅವರ ಸಹೋದರರಿಂದ ಬಂದ ಹೆಸರು ಅದು. ಬ್ರಿಟನ್ನಿನ ಪ್ರಧಾನಿ ಈ ಕ್ಲಬ್ಬಿನ ಒಂದು ಪಂದ್ಯವನ್ನೂ ನೋಡಿದವರಲ್ಲ.

ಪ್ರಶ್ನೆ: 22 ಪಂದ್ಯಗಳಲ್ಲಿ 66 ಅಂಕ ಗಳಿಸಲು ಅವಕಾಶವಿದ್ದಾಗ 42ಕ್ಕೇ ಚಾಂಪಿಯನ್ ಆಗುವುದೆಂದರೆ ಲೀಗ್‌ನ ಗುಣಮಟ್ಟ ಕುಸಿದಿದೆ ಎಂದಲ್ಲವೇ?
— ಮಡಗಾಂವ್‌ನ ಇನ್ನೊಬ್ಬ ಓದುಗರು

ಉತ್ತರ: ಅಂಕಗಳು ಕಡಿಮೆಯೇ. 2022-23ರಲ್ಲಿ ಪಂಜಾಬ್ ತಂಡ ಇಷ್ಟೇ ಪಂದ್ಯಗಳಲ್ಲಿ 52 ಗಳಿಸಿತ್ತು. ಮೊಹಮ್ಮದನ್ ಕೂಡ 52 ಗಳಿಸಿತ್ತು, ಆದರೆ ಅದು ಆಡಿದ್ದು 24 ಪಂದ್ಯ. ಆದರೆ ನನ್ನ ಅಭಿಪ್ರಾಯದಲ್ಲಿ ಮೊದಲ ತಂಡದ ಅಂಕ ಇಳಿದಿದೆ ಎಂದರೆ ಅದನ್ನು ಉಳಿದವರು ಕಿತ್ತುಕೊಂಡಿದ್ದಾರೆ ಎಂದೂ ಓದಬಹುದು. ಐಎಸ್‌ಎಲ್ ಅನ್ನು ಎರಡು ಸಲ ಗೆದ್ದುಕೊಟ್ಟ ಅಂತೋನಿಯೊ ಹಬಾಸ್ ಅವರಂಥ ತರಬೇತುದಾರರಿದ್ದೂ ಇಂಟರ್ ಕಾಶಿ ಮೈದಾನದಲ್ಲಿ 39 ದಾಟಲಾಗಲಿಲ್ಲ. ಅಂಕಪಟ್ಟಿಯ ಮೇಲ್ಭಾಗ ಇಷ್ಟು ಇಕ್ಕಟ್ಟಾಗಿದ್ದ ಕಾರಣಕ್ಕೇ ಜನವರಿಯ ಒಂದು ಪಂದ್ಯದ ಮೂರು ಅಂಕಗಳು ಜುಲೈವರೆಗೆ ತೂಗಾಡಿದವು. ಮೊದಲ ಮತ್ತು ಎರಡನೆಯ ತಂಡಗಳ ನಡುವೆ ಹತ್ತು ಅಂಕಗಳ ಅಂತರವಿದ್ದ ಪಕ್ಷದಲ್ಲಿ ಈ ಪ್ರಕರಣ ಯಾವ ಪತ್ರಿಕೆಯ ಮೂಲೆಯಲ್ಲೂ ಬರುತ್ತಿರಲಿಲ್ಲ.

ಇನ್ನೊಂದು ಲೆಕ್ಕ ಹೇಳುತ್ತೇನೆ. ಶ್ರೀನಗರದಲ್ಲಿ ಚರ್ಚಿಲ್ ಬ್ರದರ್ಸ್ ಇನ್ನೊಂದು ಗೋಲು ಹೊಡೆದು ಗೆದ್ದಿದ್ದರೆ ಅದರ ಅಂಕವೂ 42 ಆಗುತ್ತಿತ್ತು. ಆಗ ಲೊಸಾನ್‌ನ ತೀರ್ಪು ಬಂದ ಮೇಲೂ ಎರಡೂ ತಂಡಗಳು ಸಮಸಮ ನಿಲ್ಲುತ್ತಿದ್ದವು, ಅಂಕ ಸಮವಾದಾಗ ಯಾರು ಮೇಲೆ ಎಂಬ ಇನ್ನೊಂದು ನಿಯಮವನ್ನು ಬಿಡಿಸಿ ನೋಡಬೇಕಾಗುತ್ತಿತ್ತು, ಮತ್ತು ಮಂಗೂರ್ ಹಿಲ್‌ನ ಅಂಗಡಿಯವರು ಅದಕ್ಕೂ ‘ತಡೀರಿ’ ಎನ್ನುತ್ತಿದ್ದರು.