ಟ್ರೆಡ್ ಹೊಸದು, ಟೈರ್ ಹಳೇದು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೇ ಕಾರಿನ ಟೈರುಗಳ ಬಗ್ಗೆಯೇ ಇದ್ದವು. ನನಗೆ ಖುಷಿಯೇ. ಇಪ್ಪತ್ತೆಂಟು ವರ್ಷ ಟೈರ್ ಬಿಚ್ಚಿ ಹಾಕುವ ಕೆಲಸ ಮಾಡಿದವನು ನಾನು. ಕಾರ್ಬ್ಯುರೇಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ಟೈರಿನ ವಿಷಯ ಬಂದರೆ "ಇನ್ನೂ ಓಡುತ್ತೆ ಬಿಡಿ" ಅಂತ ಮುಗಿಸುತ್ತಿದ್ದರು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಲಕ್ಕೆ ಇಟ್ಟು, ಇವತ್ತು ಟೈರಿನದ್ದನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಾರಿಸ್ ಮೈನರ್ ವರ್ಷಕ್ಕೆ ಐನೂರು ಕಿಲೋಮೀಟರ್ ಓಡಿದರೆ ಹೆಚ್ಚು. ಟೈರು ಹಾಕಿಸಿ ಬಹಳ ವರ್ಷವಾಯಿತು, ಆದರೆ ನೆಲಕ್ಕೆ ತಾಗುವ ಟ್ರೆಡ್ ಏನೂ ಸವೆದಿಲ್ಲ. ಈಚೆಗೆ ಟೈರಿನ ಪಕ್ಕದಲ್ಲಿ, ಅಂದರೆ ಸೈಡ್‌ವಾಲ್ ಮೇಲೆ ಕೂದಲೆಳೆಯಂಥ ಬಿರುಕು ಕಾಣಿಸುತ್ತಿವೆ. ಬದಲಿಸಲೇಬೇಕಾ?

ಉತ್ತರ: ಮೊದಲು ವಯಸ್ಸು ನೋಡಿ, ಬಿರುಕು ಆಮೇಲೆ. ಸೈಡ್‌ವಾಲ್ ಮೇಲೆ 'ಡಿಒಟಿ' ಅಂತ ಶುರುವಾಗುವ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ಟೈರು ತಯಾರಾದ ವಾರ ಮತ್ತು ವರ್ಷ. 2314 ಅಂದರೆ 2014ರ 23ನೇ ವಾರ. ಹೊರಬದಿಯಲ್ಲಿ ಅಂಕಿ ಕಾಣದಿದ್ದರೆ ಒಳಬದಿಯಲ್ಲಿ ಇರುತ್ತದೆ. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಬೇಕು, ಬೇರೆ ದಾರಿಯಿಲ್ಲ. ನಾಲ್ಕರ ಬದಲು ಮೂರೇ ಅಂಕಿ ಇದ್ದರೆ ಆ ಟೈರು 2000ಕ್ಕಿಂತ ಮುಂಚಿನದು. ಅದನ್ನು ನೋಡಿದ ಮೇಲೆ ಬಿರುಕು ಎಣಿಸುವ ಕೆಲಸವೇ ಇಲ್ಲ.

ಮೂರಂಕಿ ಟೈರಿನ ಮೇಲೆ ನಾನೂ ಓಡಿಸಿದ್ದೇನೆ. ಗೊತ್ತಿದ್ದೂ ಓಡಿಸಿದ್ದೇನೆ. ಕಾರು ಮಾರಿದವರು "ಟೈರು ಹೊಸದು" ಅಂದಿದ್ದರು. ನೋಡಲು ಹೊಸದೇ. ಹೊಸ ಟೈರಿನ ಮೇಲೆ ಇರುವ ರಬ್ಬರ್ ಕೂದಲು ಕೂಡ ಅಲ್ಲಲ್ಲಿ ಉಳಿದಿತ್ತು. ಮುಂದಿನ ತಿಂಗಳು ಬದಲಿಸಿದರಾಯಿತು ಅಂತ ಮೂರು ತಿಂಗಳು ತಳ್ಳಿದೆ. ಒಂದು ಮಧ್ಯಾಹ್ನ ಹಿಂದಿನ ಎಡಗಡೆಯಿಂದ ಟಪ್ ಟಪ್ ಅಂತ ಸದ್ದು ಶುರುವಾಯಿತು. ನಿಲ್ಲಿಸಿ ನೋಡಿದರೆ ಟ್ರೆಡ್ಡು ಅಂಗೈ ಅಗಲ ಕಿತ್ತು ಮಡ್‌ಗಾರ್ಡಿಗೆ ಬಡಿಯುತ್ತಿತ್ತು. ದಿನಾ ಊರವರಿಗೆಲ್ಲ ಬುದ್ಧಿ ಹೇಳುತ್ತಿದ್ದವನ ಕಥೆ ಇದು.

ಇನ್ನು ನಿಮ್ಮ ಬಿರುಕಿನ ವಿಷಯ. ಗಾಳಿಯಲ್ಲಿ ಸ್ವಲ್ಪ ಓಝೋನ್ ಯಾವಾಗಲೂ ಇರುತ್ತದೆ. ಅದು ಹಿಗ್ಗಿ ನಿಂತ ರಬ್ಬರನ್ನು ಕಡಿಯುತ್ತದೆ. ಬಿಸಿಲು, ಸೆಕೆ ಅದಕ್ಕೆ ಜೊತೆಗಾರರು. ಇದನ್ನು ತಡೆಯಲು ಟೈರ್ ತಯಾರಿಸುವವರು ರಬ್ಬರಿನಲ್ಲೇ ಮೇಣ ಮತ್ತು ಓಝೋನ್ ತಡೆಯುವ ರಾಸಾಯನಿಕ ಬೆರೆಸಿರುತ್ತಾರೆ. ಟೈರು ಉರುಳುವಾಗ ಸೈಡ್‌ವಾಲ್ ಬಾಗುತ್ತದೆ, ಬಾಗಿದ ಹಾಗೆಲ್ಲ ಆ ರಕ್ಷಣೆ ಒಳಗಿನಿಂದ ಮೇಲಕ್ಕೆ ಬರುತ್ತಿರುತ್ತದೆ. ಓಡದೆ ನಿಂತ ಕಾರಿನ ಟೈರಿಗೆ ಆ ಭಾಗ್ಯ ಇಲ್ಲ. ದಿನಾ ದುಡಿಯುವ ಟ್ಯಾಕ್ಸಿಯ ಟೈರು ಬೋಳಾಗಿ ಸಾಯುತ್ತದೆ, ನಿಮ್ಮ ಮೈನರಿನ ಟೈರು ಒಣಗಿ ಸಾಯುತ್ತದೆ.

ಎಲ್ಲ ಬಿರುಕೂ ಒಂದೇ ಅಲ್ಲ. ಗಾಳಿ ಸರಿಯಾಗಿ ತುಂಬಿಸಿ, ಉಗುರಿನಿಂದ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳದಷ್ಟು ಮೇಲ್ಮೇಲಿನ ಗೆರೆ, ಟೈರಿಗೆ ನಾಲ್ಕೈದು ವರ್ಷ ಅಷ್ಟೇ ಅಂದರೆ ಕಣ್ಣಿಟ್ಟು ಓಡಿಸಬಹುದು. ಉಗುರು ಒಳಗೆ ಇಳಿದರೆ, ಬಿರುಕಿನೊಳಗೆ ರಬ್ಬರಿನ ಕೆಳಗಿನ ನೂಲು ಕಂಡರೆ, ರಿಮ್ಮಿನ ಅಂಚಿಗೆ ಸುತ್ತಲೂ ಬಿರುಕು ಹೋಗಿದ್ದರೆ, ಟ್ರೆಡ್ ಗುಂಡಿಯ ತಳ ಸೀಳಿದ್ದರೆ, ತೆಗೆಸಿ. ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಹತ್ತಾದರೆ ಚೆನ್ನಾಗಿ ಕಂಡರೂ ಬದಲಿಸಿ ಅಂತ ಹಲವು ಟೈರ್ ಕಂಪನಿಗಳೇ ಹೇಳುತ್ತವೆ. ಬ್ರಿಟನ್ನಿನಲ್ಲಿ 2021ರ ಫೆಬ್ರುವರಿಯಿಂದ ಲಾರಿ, ಬಸ್ಸುಗಳ ಮುಂದಿನ ಆಕ್ಸೆಲ್‌ಗೆ ಹತ್ತು ವರ್ಷ ದಾಟಿದ ಟೈರು ಹಾಕುವಂತೆಯೇ ಇಲ್ಲ. ಕಾರಿಗೆ ಆ ಕಾನೂನು ಇಲ್ಲ ನಿಜ, ಆದರೆ ರಬ್ಬರಿಗೆ ಅದು ಗೊತ್ತಿಲ್ಲವಲ್ಲ. ನೀವು "ಬಹಳ ವರ್ಷ" ಅಂತ ಬರೆದಿದ್ದೀರಿ, ಎಷ್ಟು ಅಂತ ಬರೆದಿಲ್ಲ. ನನ್ನ ಅಂದಾಜು, ಉತ್ತರ ನಿಮಗೇ ಗೊತ್ತಿದೆ.

ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಯನ್ನೂ ನೋಡಿ. ನಾಲ್ಕು ಟೈರು ಹೊಸದು ಹಾಕಿಸಿ, ಐದನೆಯದನ್ನು ಮರೆತ ಕಾರುಗಳು ಲೆಕ್ಕವಿಲ್ಲದಷ್ಟು ನನ್ನ ಕೈ ದಾಟಿವೆ. ಅಂದಹಾಗೆ ಈ ಸ್ಟೆಪ್ನಿ ಅನ್ನುವ ಮಾತು ಬಂದಿದ್ದು ವೇಲ್ಸ್‌ನಿಂದ. ಅಲ್ಲಿನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಹೊತ್ತಿಗೆ ಇಬ್ಬರು ಅಣ್ಣತಮ್ಮಂದಿರು ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಇಂಗ್ಲಿಷಿನವರು ಆ ಹೆಸರು ಮರೆತರು, ನಾವು ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಚಕ್ರ ಗುಂಡಿಗೆ ಬಿದ್ದ ಒಂದು ವಾರದ ಮೇಲೆ ಸೈಡ್‌ವಾಲ್ ಮೇಲೆ ನೆಲ್ಲಿಕಾಯಿ ಗಾತ್ರದ ಉಬ್ಬು ಬಂದಿದೆ. ಒಳಗಿನಿಂದ ಪ್ಯಾಚ್ ಹಾಕಿ ಟ್ಯೂಬ್ ಕೂರಿಸಿದರೆ ಸಾಕು ಅಂತ ಟೈರ್ ಅಂಗಡಿಯವರು ಹೇಳಿದರು. ಇನ್ನೊಂದು ಟೈರಿನಲ್ಲಿ ಉಬ್ಬಿನ ಬದಲು ಉದ್ದಕ್ಕೆ ಒಂದು ಹಳ್ಳ ಇದೆ. ಅದೂ ಹೋಯಿತಾ?

ಉತ್ತರ: ಉಬ್ಬು ಇರುವುದು ಹೋಯಿತು. ಹಳ್ಳ ಇರುವುದು ಬಹುಶಃ ಸರಿಯಿದೆ.

ಈಗಿನ ಸಾಮಾನ್ಯ ಬಗೆಯಾದ ರೇಡಿಯಲ್ ಟೈರಿನ ಟ್ರೆಡ್ ಕೆಳಗೆ ಉಕ್ಕಿನ ಪಟ್ಟಿ ಇರುತ್ತದೆ, ಸೈಡ್‌ವಾಲ್‌ನಲ್ಲಿ ಇರುವುದಿಲ್ಲ. ಅಲ್ಲಿ ಒಂದು ಬೀಡಿನಿಂದ (ರಿಮ್ಮಿಗೆ ಕೂರುವ ಟೈರಿನ ಅಂಚು) ಇನ್ನೊಂದಕ್ಕೆ ಹೋಗುವ ಪಾಲಿಯೆಸ್ಟರ್ ಅಥವಾ ರೇಯಾನ್ ನೂಲು, ಅದರ ಮೇಲೆ ಹೊದಿಕೆಯಂತೆ ರಬ್ಬರು. ಗುಂಡಿಯ ಅಂಚಿಗೂ ರಿಮ್ಮಿನ ಅಂಚಿಗೂ ನಡುವೆ ಸೈಡ್‌ವಾಲ್ ಸಿಕ್ಕಿದಾಗ ನೂಲು ತುಂಡಾಗುತ್ತದೆ. ಆಮೇಲೆ ಅಷ್ಟು ಜಾಗದಲ್ಲಿ ಗಾಳಿಯನ್ನು ಹಿಡಿದಿಟ್ಟಿರುವುದು ಬರೀ ರಬ್ಬರು. ಅದು ನಿಧಾನಕ್ಕೆ ಹಿಗ್ಗುತ್ತದೆ, ಅದಕ್ಕೇ ಉಬ್ಬು ಒಂದು ವಾರ ಬಿಟ್ಟು ಬಂತು. ಪ್ಯಾಚ್ ಹಾಕಿದರೆ ಗಾಳಿ ಸೋರುವುದು ನಿಲ್ಲಬಹುದು, ತುಂಡಾದ ನೂಲು ಕೂಡಿಕೊಳ್ಳುವುದಿಲ್ಲ. ಟ್ಯೂಬ್ ಹಾಕಿದರೂ ಅಷ್ಟೇ. ಸೈಡ್‌ವಾಲ್‌ಗೆ ರಿಪೇರಿ ಇಲ್ಲ.

ಹಳ್ಳದ ಕಥೆ ಬೇರೆ. ನೂಲಿನ ಹಾಳೆಯನ್ನು ಸುತ್ತಿ ತುದಿಯ ಮೇಲೆ ತುದಿ ಇಟ್ಟು ಕೂಡಿಸಿರುತ್ತಾರೆ. ಆ ಕೂಡುವ ಜಾಗದಲ್ಲಿ ನೂಲು ಎರಡು ಪಟ್ಟು, ಹಾಗಾಗಿ ಗಾಳಿ ತುಂಬಿದಾಗ ಅದು ಉಳಿದ ಕಡೆಯಷ್ಟು ಹಿಗ್ಗುವುದಿಲ್ಲ. ಹೊರಗಿನಿಂದ ನೋಡಿದರೆ ಬೀಡಿನಿಂದ ಟ್ರೆಡ್ ಕಡೆಗೆ ಒಂದು ತೆಳು ಹಳ್ಳ. ಇದು ಹುಟ್ಟುಮಚ್ಚೆ ಇದ್ದ ಹಾಗೆ. ಕೈ ಸವರಿ ನೋಡಿ, ಎಲ್ಲೂ ಹೊರಗೆ ಉಬ್ಬಿಲ್ಲ, ಕೊಯ್ದಿಲ್ಲ ಅಂದರೆ ಸುಮ್ನೆ ಬಿಡಿ.

ಪ್ರಶ್ನೆ: ನನ್ನ ಹಳೇ ಬೀಟಲ್‌ನಲ್ಲಿ 5.60-15 ಕ್ರಾಸ್‌ಪ್ಲೈ (ನೂಲಿನ ಪದರಗಳು ಓರೆಯಾಗಿ ಒಂದನ್ನೊಂದು ದಾಟುವ ಹಳೇ ಬಗೆ) ಟೈರುಗಳಿವೆ. ಗೆಳೆಯರು 195/50 ಆರ್ 15 ರೇಡಿಯಲ್ ಹಾಕಿಸು, ಚೆನ್ನಾಗಿ ಕಾಣುತ್ತೆ, ಹಿಡಿತವೂ ಜಾಸ್ತಿ ಅನ್ನುತ್ತಾರೆ. ಖರ್ಚು ಉಳಿಸಲು ಈಗ ಮುಂದಿನ ಎರಡಕ್ಕೆ ಮಾತ್ರ ರೇಡಿಯಲ್ ಹಾಕಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಬೇಡ, ಬೇಡವೇ ಬೇಡ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಅಂದರೆ ತಿರುವಿನಲ್ಲಿ ಮುಂದಿನ ಚಕ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಹಿಂದಿನದು ಜಾರುತ್ತದೆ. ಎಂಜಿನ್ ಹಿಂದೆಯೇ ಇರುವ ಬೀಟಲ್‌ಗಂತೂ ಇದು ಬುಗುರಿ ತಿರುಗಿಸಲು ಕೊಟ್ಟ ದಾರ. ಒಂದೇ ಆಕ್ಸೆಲ್‌ನಲ್ಲಿ ಎರಡು ಬಗೆ ಇನ್ನೂ ಕೆಟ್ಟದ್ದು. ಸ್ಟೆಪ್ನಿಯೂ ಸೇರಿ ಐದೂ ಒಂದೇ ಜಾತಿ ಇರಲಿ. ಕಾಸಿಲ್ಲದಿದ್ದರೆ ಇರುವ ಕ್ರಾಸ್‌ಪ್ಲೈ ಮೇಲೆ ನಿಧಾನ ಓಡಿಸಿ, ಕೂಡಿಟ್ಟು ಒಟ್ಟಿಗೆ ಬದಲಿಸಿ.

ಈಗ ಸೈಜು. ಹಳೇ ಟೈರಿನಲ್ಲಿ 5.60 ಅಂದರೆ ಅಗಲ ಇಂಚಿನಲ್ಲಿ, 15 ರಿಮ್ಮಿನ ವ್ಯಾಸ. ಸೈಡ್‌ವಾಲ್‌ನ ಎತ್ತರ ಎಷ್ಟು ಅಂತ ಬರೆದಿರುವುದಿಲ್ಲ. ನಿಮ್ಮ ಕಾರಿಗೆ ಸರಿಹೊಂದುವ ರೇಡಿಯಲ್ 165 ಆರ್ 15, ಇಲ್ಲಿ ಅಗಲ ಮಿಲಿಮೀಟರಿನಲ್ಲಿ. ಇದರಲ್ಲೂ ಎತ್ತರದ ಅಂಕಿ ಇಲ್ಲ. ಹಾಗೆ ಬರೆದಿಲ್ಲ ಅಂದರೆ ಎತ್ತರ ಅಗಲದ ಸುಮಾರು 80 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಲೆಕ್ಕ ಹಾಕಿದರೆ ಇಡೀ ಚಕ್ರದ ವ್ಯಾಸ ಸುಮಾರು 645 ಮಿಲಿಮೀಟರ್. ಗೆಳೆಯರು ಹೇಳಿದ 195/50 ಅಂದರೆ ಅಗಲ 195 ಮಿಲಿಮೀಟರ್, ಎತ್ತರ ಅದರ 50 ಪರ್ಸೆಂಟ್; ಆ ಚಕ್ರದ ವ್ಯಾಸ 576. ಅಂದರೆ ಕಾರು ಸುಮಾರು ಮೂರೂವರೆ ಸೆಂಟಿಮೀಟರ್ ತಗ್ಗುತ್ತದೆ. ಸ್ಪೀಡೋಮೀಟರ್ ನೂರು ತೋರಿಸುವಾಗ ನೀವು ನಿಜಕ್ಕೂ ಓಡುತ್ತಿರುವುದು 89. ಅದೇ ವೇಗಕ್ಕೆ ಎಂಜಿನ್ ಇನ್ನಷ್ಟು ಜೋರಾಗಿ ತಿರುಗಬೇಕು, ಪಾಪ ಅದಕ್ಕೂ ವಯಸ್ಸಾಗಿದೆ.

ಇಷ್ಟೇ ಆಗಿದ್ದರೆ ಹೋಗಲಿ ಅನ್ನಬಹುದಿತ್ತು. 195/50ಕ್ಕೆ ಕಡಿಮೆ ಅಂದರೂ ಐದೂವರೆ ಇಂಚು ಅಗಲದ ರಿಮ್ ಬೇಕು. ಬೀಟಲ್‌ನ ರಿಮ್ ನಾಲ್ಕು, ಇಲ್ಲವೇ ನಾಲ್ಕೂವರೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ಸೈಡ್‌ವಾಲ್ ಒಳಕ್ಕೆ ಮಡಚಿ ಬಲೂನಿನ ಹಾಗೆ ನಿಲ್ಲುತ್ತದೆ, ತಿರುವಿನಲ್ಲಿ ಅತ್ತಿತ್ತ ಓಲಾಡುತ್ತದೆ. ಹಿಡಿತ ಜಾಸ್ತಿ ಆಗುವುದಿರಲಿ, ಇದ್ದದ್ದೂ ಹೋಗುತ್ತದೆ. ಜೊತೆಗೆ ಈ ಕಾರಿನ ಸಸ್ಪೆನ್ಷನ್ ಮಾಡಿದವರು ಎತ್ತರದ, ಮೆತ್ತನೆಯ ಸೈಡ್‌ವಾಲ್ ಅರ್ಧ ಹೊಡೆತ ತಿನ್ನುತ್ತದೆ ಅಂತ ಲೆಕ್ಕ ಹಾಕಿದ್ದರು. ಗಿಡ್ಡ ಟೈರು ಹಾಕಿದರೆ ಆ ಹೊಡೆತವೆಲ್ಲ ಬುಷ್‌ಗೆ, ಬೇರಿಂಗ್‌ಗೆ, ಕೊನೆಗೆ ನಿಮ್ಮ ಸೊಂಟಕ್ಕೆ.

ಹಾಗಾದರೆ ಕ್ರಾಸ್‌ಪ್ಲೈಯಲ್ಲೇ ಇರಬೇಕಾ? ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ ರೇಡಿಯಲ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1946ರಲ್ಲಿ. ಅದು ಎಲ್ಲ ಕಡೆ ಹರಡಲು ಎರಡು ದಶಕವೇ ಬೇಕಾಯಿತು. ಅಲ್ಲಿಯವರೆಗಿನ ಬಹಳಷ್ಟು ಕಾರು ಕ್ರಾಸ್‌ಪ್ಲೈಗೇ ಹುಟ್ಟಿದವು. ಪ್ರದರ್ಶನಕ್ಕೆ ಇಟ್ಟ ಕಾರಾದರೆ ಕ್ರಾಸ್‌ಪ್ಲೈ ಚೆಂದ. ಓಡಿಸುವ ಕಾರಾದರೆ ನಾನು ರೇಡಿಯಲ್ ಕಡೆ. ಕ್ರಾಸ್‌ಪ್ಲೈ ರಸ್ತೆಯ ಪ್ರತಿ ಗೆರೆಯನ್ನೂ ಹಿಡಿದು ಎಳೆಯುತ್ತದೆ, ಸ್ಟೀರಿಂಗ್ ಸುಮ್ಮನಿರುವುದಿಲ್ಲ. ಒದ್ದೆ ರಸ್ತೆಯಲ್ಲಿ ರೇಡಿಯಲ್ ಎಷ್ಟೋ ವಾಸಿ. ನಿಲ್ಲಿಸುವಾಗ ಸ್ಟೀರಿಂಗ್ ಸ್ವಲ್ಪ ಭಾರ ಅನಿಸುತ್ತದೆ, ಅಷ್ಟು ಒಪ್ಪಿಕೊಳ್ಳಬೇಕು.

ಒಂದು ಎಚ್ಚರಿಕೆ ಗಾಳಿಯದು. ಬೀಟಲ್‌ನ ಹಳೇ ಕೈಪಿಡಿಯಲ್ಲಿ ಕ್ರಾಸ್‌ಪ್ಲೈಗೆ ಮುಂದೆ 16, ಹಿಂದೆ 24 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ರೇಡಿಯಲ್‌ಗೆ 18 ಮತ್ತು 27. ಟೈರು ಬದಲಿಸಿ ಗಾಳಿ ಹಳೇ ಲೆಕ್ಕದಲ್ಲೇ ಹಾಕಿಸುವವರು ಬಹಳ. ರೇಡಿಯಲ್ ಯಾವಾಗಲೂ ಕೆಳಗೆ ಸ್ವಲ್ಪ ಉಬ್ಬಿಯೇ ನಿಲ್ಲುವುದರಿಂದ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗಾಳಿ ಕಡಿಮೆಯಾಗಿ ಓಡಿದ ಟೈರನ್ನು ಬಿಚ್ಚಿದರೆ ಒಳಗೆ ಕರಿ ಹುಡಿ ಉದುರುತ್ತದೆ, ಸೈಡ್‌ವಾಲ್ ಸುತ್ತ ಉಜ್ಜಿದ ಬಳೆಯಂಥ ಗುರುತು ಇರುತ್ತದೆ. ಆ ಹುಡಿ ಸೈಡ್‌ವಾಲ್‌ನ ಒಳಗಿನ ರಬ್ಬರೇ. ಹಾಗೆ ಕಂಡರೆ ಹೊರಗೆ ಎಷ್ಟೇ ಚೆನ್ನಾಗಿದ್ದರೂ ಆ ಟೈರನ್ನು ನಾನು ಮತ್ತೆ ಕೂರಿಸುತ್ತಿರಲಿಲ್ಲ.

ಪ್ರಶ್ನೆ: 80ರ ದಶಕದ ಬಿಎಂಡಬ್ಲ್ಯು ತೆಗೆದುಕೊಂಡೆ. ಟೈರಿನ ಮೇಲೆ 220/55 ವಿಆರ್ 390 ಅಂತಿದೆ. 390 ಅಂದರೆ ಏನು? 15 ಇಂಚಿನದು ಹಾಕಬಹುದಾ?

ಉತ್ತರ: ಹಾಕಿಸಬೇಡಿ. 390 ಅನ್ನುವುದು ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ. ಮಿಶೆಲಿನ್ 70ರ ದಶಕದಲ್ಲಿ ತಂದ ಟಿಆರ್‌ಎಕ್ಸ್ ಅನ್ನುವ ಬಗೆ ಇದು. ಇಂಚಿಗೆ ತಿರುಗಿಸಿದರೆ ಹದಿನೈದೂ ಕಾಲಿಗಿಂತ ಸ್ವಲ್ಪ ಜಾಸ್ತಿ. ಜೊತೆಗೆ ರಿಮ್ಮಿನ ಅಂಚಿನ ಆಕಾರವೇ ಬೇರೆ. 15 ಇಂಚಿನ ಟೈರನ್ನು ಜೋರು ಮಾಡಿ ಏರಿಸಲು ಹೋದರೆ ಬೀಡ್ ತಂತಿ ಕಿತ್ತು ಕೈ ಮುಖ ಒಡೆದೀತು. 390ಕ್ಕೆ 390ರ ಟೈರೇ ಹುಡುಕಿ, ಇಲ್ಲವೇ ಇಂಚಿನ ರಿಮ್‌ಗಳ ಒಂದು ಸೆಟ್ ಹಾಕಿಸಿ. ಹಳೇ ಫ್ರೆಂಚ್ ಕಾರುಗಳ 400 ಕೂಡ ಹೀಗೇ, 16 ಇಂಚಿನದು ಅದಕ್ಕೆ ಕೂರದು. 380 ಮಾತ್ರ 15 ಇಂಚಿಗೆ ಸಮ.

ಪ್ರಶ್ನೆ: ತಂತಿ ಕಡ್ಡಿಯ ಚಕ್ರಕ್ಕೆ ಟ್ಯೂಬ್‌ಲೆಸ್ ಟೈರು ಹಾಕಿಸಿ ಒಳಗೆ ಟ್ಯೂಬ್ ಇಡಿಸಿದ್ದೇನೆ. ಎರಡು ಸಲ ಟ್ಯೂಬ್ ತೂತಾಯಿತು, ಮೊಳೆ ಮಾತ್ರ ಸಿಗಲಿಲ್ಲ.

ಉತ್ತರ: ಟೈರ್ ಒಳಗೆ ಕಾಗದದ ಲೇಬಲ್ ಅಂಟಿದೆಯಾ ನೋಡಿ. ಅದರ ಅಂಚು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತದೆ. ಕೆಲವು ಟ್ಯೂಬ್‌ಲೆಸ್ ಟೈರಿನ ಒಳಮೈಯಲ್ಲಿ ಏಣುಗಳೂ ಇರುತ್ತವೆ, ಅಂಥದ್ದು ಟ್ಯೂಬ್ ಇಡಲು ಲಾಯಕ್ಕಿಲ್ಲ. ರಿಮ್ಮಿನ ಕಡೆ ಕಡ್ಡಿಯ ತುದಿಗಳು ಚುಚ್ಚದಂತೆ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆಯಾ ಅದನ್ನೂ ನೋಡಿ. ಟ್ಯೂಬ್ ರೇಡಿಯಲ್‌ನದ್ದೇ, ಅದೇ ಸೈಜಿನದ್ದೇ ಇರಲಿ.

ಪ್ರಶ್ನೆ: ಬಿಳಿ ಪಟ್ಟಿಯ ಟೈರಿನ ಆಸೆ. ರಿಮ್ಮಿಗೂ ಟೈರಿಗೂ ನಡುವೆ ಸಿಕ್ಕಿಸುವ ಬಿಳಿ ರಬ್ಬರ್ ಬಳೆ ಸಾಕಾ?

ಉತ್ತರ: ಗಟ್ಟಿ ಸೈಡ್‌ವಾಲ್ ಇರುವ ಕ್ರಾಸ್‌ಪ್ಲೈಗೆ ಹೇಗೋ ನಡೆಯುತ್ತದೆ. ರೇಡಿಯಲ್ ಸೈಡ್‌ವಾಲ್ ಪ್ರತಿ ಸುತ್ತಿಗೂ ಬಾಗುತ್ತದೆ, ಬಳೆ ಅದರ ಮೇಲೆ ಉಜ್ಜುತ್ತಲೇ ಇರುತ್ತದೆ. ನಡುವೆ ಮಣ್ಣು ಸೇರಿದರೆ ಮುಗಿಯಿತು, ಉಪ್ಪುಕಾಗದ ಇಟ್ಟ ಹಾಗೆ. ಬಿಳಿ ಪಟ್ಟಿ ಟೈರಿನಲ್ಲೇ ಸೇರಿರುವುದನ್ನು ಕೊಳ್ಳಿ.

ಪ್ರಶ್ನೆ: ನನ್ನ ಕಾರು ಆರು ತಿಂಗಳು ಶೆಡ್‌ನಲ್ಲೇ ನಿಂತಿರುತ್ತದೆ. ಹೊರಗೆ ತೆಗೆದಾಗ ಮೊದಲ ಕೆಲವು ಕಿಲೋಮೀಟರ್ ಧಡ್ ಧಡ್ ಅನ್ನುತ್ತದೆ. ಟೈರಿನ ಪಕ್ಕ ಕಂದು ಬಣ್ಣಕ್ಕೆ ತಿರುಗಿದೆ. ಯಾವ ಪಾಲಿಷ್ ಒಳ್ಳೆಯದು?

ಉತ್ತರ: ಧಡ್ ಧಡ್ ಅನ್ನುವುದು ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗಿರುವುದರಿಂದ. ನೈಲಾನ್ ನೂಲಿನ ಟೈರಿಗೆ ಇದು ಹಳೇ ಚಾಳಿ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಬಿಸಿಯಾದರೂ ಹೋಗದಿದ್ದರೆ ಚಪ್ಪಟೆ ಶಾಶ್ವತವಾಗಿದೆ. ನಿಲ್ಲಿಸುವಾಗ ಗಾಳಿ ನಾಲ್ಕೈದು ಪಿಎಸ್‌ಐ ಜಾಸ್ತಿ ಇಡಿ, ತಿಂಗಳಿಗೊಮ್ಮೆ ಕಾಲು ಸುತ್ತು ಮುಂದಕ್ಕೆ ತಳ್ಳಿ. ಓಡಿಸುವ ಮುಂಚೆ ಗಾಳಿ ಮತ್ತೆ ಸರಿಮಾಡಿ. ಅದೇ ಶೆಡ್‌ನಲ್ಲಿ ವೆಲ್ಡಿಂಗ್ ಮಾಡುವುದು, ಕಿಡಿ ಹಾರಿಸುವ ಮೋಟಾರು ಓಡಿಸುವುದು ಬೇಡ, ಅವು ಓಝೋನ್ ಹುಟ್ಟಿಸುತ್ತವೆ.

ಕಂದು ಬಣ್ಣ ಕೊಳೆಯಲ್ಲ. ನಾನು ಮೇಲೆ ಹೇಳಿದ ಓಝೋನ್ ತಡೆಯುವ ರಾಸಾಯನಿಕವೇ ಹೊರಗೆ ಬಂದು ಹಾಗೆ ಕಾಣುತ್ತದೆ. ಪೆಟ್ರೋಲಿಯಂ ಬೆರೆತ ಪಾಲಿಷ್ ಹಚ್ಚಿದರೆ ಅದನ್ನೂ ಮೇಣವನ್ನೂ ಒಟ್ಟಿಗೆ ತೊಳೆದುಹಾಕುತ್ತೀರಿ. ಸೋಪಿನ ನೀರು, ಮೆತ್ತನೆ ಬ್ರಷ್ ಸಾಕು. ಫೋಟೋ ತೆಗೆಸುವ ದಿನ ಕಪ್ಪಗೆ ಕಾಣಲೇಬೇಕು ಅಂದರೆ ನೀರಿನಲ್ಲಿ ಬೆರೆಯುವ ಪಾಲಿಷ್ ತೆಳ್ಳಗೆ ಸವರಿ. ಟ್ರೆಡ್ಡಿಗೆ ಮಾತ್ರ ತಾಗಿಸಬೇಡಿ, ಮೊದಲ ಬ್ರೇಕಿಗೇ ಜಾರುತ್ತದೆ.