ಕೆಲಸ ಮುಗಿಸಿ ಬಂದು ವೀಡಿಯೊ ಗೇಮ್ ಆಡೋದ್ರಿಂದ ನಮಗೇನಾದ್ರೂ ಲಾಭ ಇದ್ಯಾ?

ಮೂವತ್ತು ದಾಟಿದ್ರೂ ಗೇಮ್ ಆಡ್ತೀನಿ, ಮನೇಲಿ ಬೈತಾರೆ ಅಂತ ಬರ್ದಿದೀರಲ್ಲ, ನಮ್ಮನೇಲೂ ಅದೇ ಕಥೆ. ಲಾಭ ಇದೆ ಸರ್, ಆದ್ರೆ ಗೇಮ್ ಆಡಿದ್ರೆ ಬುದ್ಧಿ ಚುರುಕಾಗತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಾರಲ್ಲ ಅದನ್ನ ಪೂರ್ತಿ ನಂಬೋಕೆ ಹೋಗ್ಬೇಡಿ. 2003ರಲ್ಲಿ ನೇಚರ್ ಅನ್ನೋ ವಿಜ್ಞಾನ ಪತ್ರಿಕೇಲಿ ಬಂದಿದ್ದ ಒಂದು ಸಂಶೋಧನೇಲಿ ಗೇಮ್ ಅಭ್ಯಾಸ ಇಲ್ಲದವ್ರಿಗೆ ದಿನಾ 1 ಗಂಟೆ ಹಾಗೆ 10 ದಿನ ಮೆಡಲ್ ಆಫ್ ಆನರ್ ಅನ್ನೋ ಶೂಟಿಂಗ್ ಗೇಮ್ ಆಡಿಸಿದ್ರು, ಇನ್ನೊಂದು ಗುಂಪಿಗೆ ಮೇಲಿಂದ ಬೀಳೋ ಬ್ಲಾಕ್ ಜೋಡಿಸೋ ಟೆಟ್ರಿಸ್. ಶೂಟಿಂಗ್ ಆಡಿದವ್ರಿಗೆ ಪರದೆ ಮೇಲೆ ಏನೆಲ್ಲಾ ಆಗ್ತಿದೆ ಅಂತ ಗಮನಿಸೋ ಶಕ್ತಿ ಜಾಸ್ತಿ ಆಗಿತ್ತು. ಅಷ್ಟೇ. ಅದ್ರಿಂದ ಆಫೀಸಿನ ಎಕ್ಸೆಲ್ ಶೀಟ್ ಬೇಗ ಮುಗಿಯಲ್ಲ 😄

ನಾನು ಆಡೋದು ಏಜ್ ಆಫ್ ಎಂಪೈರ್ಸ್ 2, ಊರು ಕಟ್ಟಿ ಸೈನ್ಯ ಬೆಳೆಸಿ ಯುದ್ಧ ಮಾಡೋ ಗೇಮು, 1999ರಲ್ಲಿ ಬಂದಿದ್ದು. ಅದ್ರಲ್ಲಿ ಒಬ್ಬ ವಿಲೇಜರ್ (ಕೆಲಸದಾಳು) ಬೇಕಂದ್ರೆ 50 ಫುಡ್ಡು, ಕ್ಯಾಸಲ್ ಏಜ್ ಅನ್ನೋ ಮೇಲಿನ ಹಂತಕ್ಕೆ ಹೋಗ್ಬೇಕಂದ್ರೆ 800 ಫುಡ್ಡು 200 ಗೋಲ್ಡು. ಅದಕ್ಕೆ ಕೂಡಿಡ್ತಾ ಕೂತ್ರೆ ಹೊಸ ವಿಲೇಜರ್ ಬರಲ್ಲ, ವಿಲೇಜರ್‌ಗೇ ಸುರಿದ್ರೆ ಸೈನ್ಯ ಇರಲ್ಲ, ಅಷ್ಟೊತ್ತಿಗೆ ಎದುರಾಳಿ ಕುದುರೆ ಸವಾರರನ್ನ ಕಳಿಸಿ ಮರ ಕಡೀತಿರೋ ನಮ್ಮವ್ರನ್ನ ಸಾಯಿಸ್ತಿರ್ತಾನೆ. ಇಷ್ಟರ ಮಧ್ಯೆ ಮ್ಯಾನೇಜರ್ ಸಂಜೆ ಏನಂದ ಅನ್ನೋದು ತಲೇಲಿ ಉಳಿಯೋಕೆ ಜಾಗಾನೇ ಇರಲ್ಲ. ಟೀವಿ ನೋಡುವಾಗ ಆಫೀಸ್ ಯೋಚನೆ ಪಕ್ಕದಲ್ಲೇ ಓಡ್ತಿರತ್ತೆ, ಇಲ್ಲಿ ಓಡಲ್ಲ. ನನಗಂತೂ ಇದು ದೊಡ್ಡ ಲಾಭ.

ಇನ್ನೊಂದು, ನನ್ ಪ್ರಕಾರ ಇದಕ್ಕಿಂತ ದೊಡ್ಡದು, ಫ್ರೆಂಡ್ಸು. ಕಾಲೇಜಲ್ಲಿ ಜೊತೆಗಿದ್ದವ್ರು ಈಗ ಒಬ್ಬ ಹುಬ್ಬಳ್ಳಿ, ಒಬ್ಬ ಪುಣೆ, ಒಬ್ಬ ಡಲ್ಲಾಸ್. ನಾವೆಲ್ಲಾ ಸುಮ್ನೆ ಫೋನ್ ಮಾಡಿ "ಹೇಗಿದ್ಯೋ" ಅಂತ ಕೇಳೋ ಪೈಕಿ ಅಲ್ಲ, ಆದ್ರೆ ಮ್ಯಾಚ್ ಇದೆ ಅಂದ್ರೆ ಎಲ್ರೂ ಕಾಲ್‌ಗೆ ಬರ್ತಾರೆ. ಒಬ್ಬ ಕೆಲಸ ಹೋದ ವಿಷಯ ಹೇಳಿದ್ದೇ ಗೇಮಲ್ಲಿ ಫುಡ್ಡಿಗೆ ಕುರಿ ಹುಡುಕ್ತಾ ಇರುವಾಗ. ಮುಖ ಮುಖ ನೋಡ್ಕೊಂಡು ಕೂತಿದ್ರೆ ಅವನು ಬಾಯಿ ಬಿಡ್ತಿರ್ಲಿಲ್ಲ ಅನ್ಸತ್ತೆ.

ಎಷ್ಟೊತ್ತು ಆಡ್ಬಹುದು ಅಂತಾನೂ ಕೇಳಿದೀರಿ. 2022ರಲ್ಲಿ ಆಕ್ಸ್‌ಫರ್ಡ್‌ನವ್ರು 39,000ದಷ್ಟು ಆಟಗಾರರ ಆಟದ ಟೈಮನ್ನ ಕಂಪನಿಗಳಿಂದಾನೇ ತಗೊಂಡು ನೋಡಿದ್ರು, ಟೈಮ್ ಹೆಚ್ಚುಕಮ್ಮಿ ಆದ್ರಿಂದ ಮನಸ್ಸಿನ ನೆಮ್ಮದೀಲಿ ಹೇಳ್ಕೊಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಇಷ್ಟಪಟ್ಟು ಆಡ್ತಾರಾ, ಆಡ್ಲೇಬೇಕು ಅನ್ನೋ ಒತ್ತಡಕ್ಕೆ ಆಡ್ತಾರಾ ಅನ್ನೋದು ಮುಖ್ಯ ಅಂತ ಕಂಡಿತ್ತು. ಹಾಗಂತ ರಾತ್ರಿ ಎರಡರವರೆಗೆ ಆಡಿ ಅಂತಲ್ಲ, ನಿದ್ದೆ ಹೋದ್ರೆ ಮೇಲೆ ಹೇಳಿದ್ದೆಲ್ಲಾ ವೇಸ್ಟು. ದಿನಾ ಲಾಗಿನ್ ಆಗಿಲ್ಲಾಂದ್ರೆ ಬಹುಮಾನ ಹೋಗತ್ತೆ ಅಂತ ಹೆದ್ರಿಸೋ ಮೊಬೈಲ್ ಗೇಮ್‌ಗಳನ್ನ ನಾನು ಮುಟ್ಟಲ್ಲ, ಅದು ಇನ್ನೊಂದು ಹಾಜರಿ ಪುಸ್ತಕ. ದುಡ್ಡು ಕಟ್ಟಿ ಆಡೋ ರಮ್ಮಿ ಗಿಮ್ಮಿಗೆ ಈ ಉತ್ತರ ಅನ್ವಯಿಸಲ್ಲ, ಅದು ಜೂಜು.

ನೀವು ಯಾವ ಗೇಮ್ ಆಡ್ತೀರಿ ಅಂತ ಬರ್ದಿಲ್ಲ, ಒಬ್ರೇ ಆಡ್ತೀರೋ ಜೊತೇಲೋ ಅಂತಾನೂ. ಕಾಮೆಂಟಲ್ಲಿ ಹೇಳಿ.